ಹದಿನೈದು ಅಲ್ಲಾಡಿಸಿದರೆ ಹದಿನಾರು

ಇರೋಹ್ ತನ್ನ ಕಿವಿಯನ್ನು ಎಂದೂ ನಂಬಿದವಳಲ್ಲ. ಆ ಮನೆಯಲ್ಲಿ ಕಿವಿ ಇದ್ದದ್ದು ಅಪ್ಪನಿಗೆ, ಅಂದರೆ ಅಬಾನಿಗೆ. ಬಂಡುಂಗ್ ಪಟ್ಟಣದ ಪೂರ್ವದಂಚಿಗಿರುವ ಪಡಾಸುಕಾದ ಓಣಿಯಲ್ಲಿ, ಮನೆಯ ಜಗುಲಿಯ ಮೇಲೆಯೇ ಕೂತು ಅವರು ಅಂಕ್ಲುಂಗ್ ಮಾಡುತ್ತಿದ್ದರು. ಬಿದಿರಿನ ಚೌಕಟ್ಟು, ಅದರಲ್ಲಿ ತೂಗುವ ಎರಡು ಬಿದಿರ ಕೊಳವೆ, ಹಿಡಿದು ಅಲ್ಲಾಡಿಸಿದರೆ ಒಂದೇ ಒಂದು ಸ್ವರ. ಒಂದಕ್ಕೆ ಒಂದೇ ಸ್ವರವಾದ್ದರಿಂದ ಪ್ರತಿಯೊಂದಕ್ಕೂ ಒಂದು ನಂಬರು; ನಂಬರು ಒಂದು ಹೆಚ್ಚಿದರೆ ಸ್ವರ ಅರ್ಧ ಮೆಟ್ಟಿಲು ಮೇಲೆ. ಇದನ್ನೇ ಕೆತ್ತಿ ಕೆತ್ತಿ ಅಬಾನ ಕಿವಿ ಎಂಥದಾಗಿತ್ತೆಂದರೆ, ಪಕ್ಕದ ಮನೆಯಲ್ಲಿ ಬಾಣಲೆ ಬಿದ್ದರೆ ತಲೆ ಎತ್ತದೆ "ಒಂಬತ್ತು" ಅನ್ನುತ್ತಿದ್ದರು.

ಆ ಕಿವಿ ಮಗ ದಿದಿನ್‌ಗೆ ಬಂತು. ಅವನಿಗಿಂತ ಆರು ವರ್ಷ ದೊಡ್ಡವಳಾದ ಇರೋಹ್‌ಗೆ ಬರಲಿಲ್ಲ. ಹತ್ತನೇ ವಯಸ್ಸಿನಲ್ಲಿ ಒಮ್ಮೆ ಹನ್ನೊಂದನ್ನು ಹನ್ನೆರಡರ ಬುಟ್ಟಿಗೆ ಹಾಕಿದಾಗ ಅಬಾ ಬೈಯಲಿಲ್ಲ. "ದೇವ್ರು ನಿಂಗೆ ಕಿವಿ ಕೊಡ್ಲಿಲ್ಲ, ಕೈ ಕೊಟ್ಟಿದಾನೆ. ಕೈ ನಂಬ್ಕೊಂಡು ಬದುಕು" ಅಂದರು. ಅವಳು ಹಾಗೆಯೇ ಬದುಕಿದಳು. ರೇಡಿಯೋ ರಿಪೇರಿ ಕಲಿತಳು. ಚಿಹಾಪಿತ್ ಸಂತೆಯಲ್ಲಿ, ಹಳೇ ಪುಸ್ತಕದವನಿಗೂ ಕರಿದ ತಿಂಡಿಯವಳಿಗೂ ನಡುವೆ, ಒಂದು ಬಾಗಿಲಗಲದ ಅಂಗಡಿ ಹಾಕಿ ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತ, ಕೇಳಿದವರಿಗೆ ಕ್ಯಾಸೆಟ್ ನಕಲು ಮಾಡಿಕೊಡುತ್ತ ನೆಲೆ ನಿಂತಳು. ಮದುವೆಯಾಗಿ ಎರಡು ವರ್ಷಕ್ಕೆ ಗಂಡ "ನಿನಗೆ ನನಗಿಂತ ಆ ಮೆಷಿನ್ನೇ ಹೆಚ್ಚು" ಎಂದು ಜಗಳ ತೆಗೆದ. ಅವಳು ಕೂತು ಯೋಚಿಸಿದಳು. ಅವನ ಮಾತು ನಿಜ ಅನ್ನಿಸಿತು. ಹಾಗೇ ಹೇಳಿಬಿಟ್ಟಳು. ಅಲ್ಲಿಗೆ ಅದು ಮುಗಿಯಿತು.

ಅವಳ ಹತ್ತಿರ ಎರಡು ಡೆಕ್‌ಗಳಿದ್ದವು. ಎಡಗಡೆಯದು ಮೂಲ ಟೇಪನ್ನು ನುಡಿಸುವುದಕ್ಕೆ, ಬಲಗಡೆಯದು ಅದನ್ನು ಖಾಲಿ ಟೇಪಿಗೆ ತುಂಬುವುದಕ್ಕೆ. ನಕಲು ಮುಗಿದ ಮೇಲೆ ಹೊಸ ಟೇಪನ್ನು ಬಲಗಡೆಯ ಡೆಕ್ಕಿನಲ್ಲೇ ಹಿಂದಕ್ಕೆ ಸುತ್ತಿ, ಮೊದಲ ಒಂದು ನಿಮಿಷ ಕೇಳಿ, ಸರಿ ಇದ್ದರೆ ಮಾತ್ರ ಡಬ್ಬಿಗೆ ಹಾಕುತ್ತಿದ್ದಳು. ಊರಿನ ಬೇರೆ ನಕಲು ಅಂಗಡಿಯವರು ಯಾರೂ ಇಷ್ಟು ಶ್ರಮ ತೆಗೆದುಕೊಳ್ಳುತ್ತಿರಲಿಲ್ಲ. ಇರೋಹ್ ಕೊಟ್ಟ ಟೇಪು ಕಣ್ಣು ಮುಚ್ಚಿ ತಗೋಬಹುದು ಎನ್ನುವ ಮಾತಿತ್ತು.

ತೊಂಬತ್ತರ ಆಚೀಚೆ ದೊಡ್ಡ ಮಾಲ್‌ನ ಹಿಂದಿನ ಗಲ್ಲಿಯಲ್ಲಿ ಹುಡುಗರು ಗುಂಪು ಕೂಡತೊಡಗಿದರು. ತಲೆಯ ಎರಡೂ ಪಕ್ಕ ಬೋಳಿಸಿ ನಡುವೆ ಕೋಳಿಯ ಜುಟ್ಟಿನಂತೆ ಕೂದಲು ನಿಲ್ಲಿಸಿದವರು. ಜುಟ್ಟು ನಿಲ್ಲಿಸಲಿಕ್ಕೆ ಬಟ್ಟೆ ಒಗೆಯುವ ಸೋಪು. ಅಂಗಿಗೆ ಸೇಫ್ಟಿ ಪಿನ್ನು, ಕಾಲಿಗೆ ಸೈನಿಕರು ಬಿಸಾಡಿದ ಬೂಟು. ಪಂಕ್ ಎಂಬ ಹೆಸರು ಅವರಿಗೆ ಯಾವುದೋ ಹಡಗಿನಲ್ಲಿ ಕೆಲಸಕ್ಕಿದ್ದ ಒಬ್ಬನ ಅಣ್ಣ ತಂದ ಎರಡು ಕ್ಯಾಸೆಟ್‌ಗಳಿಂದ ಬಂದಿತ್ತು. ಅವುಗಳ ನಕಲಿನ ನಕಲು, ಅದರ ನಕಲು ಇರೋಹ್‌ಳ ಅಂಗಡಿಗೆ ಬರುತ್ತಿತ್ತು. ಅಷ್ಟು ಹೊತ್ತಿಗೆ ಅದರಲ್ಲಿ ಹಾಡಿಗಿಂತ ಸುಯ್ ಎನ್ನುವ ಸದ್ದೇ ಹೆಚ್ಚು. ಆ ಗುಂಪಿನಲ್ಲಿ ದಿದಿನ್ ಇದ್ದ. ಶಾಲಾ ಮಾಸ್ತರರ ಮಗ ರುಕ್ಮಾನಾ ಇದ್ದ. ಇಬ್ಬರೂ ಸೇರಿ ಒಂದು ಬ್ಯಾಂಡ್ ಕಟ್ಟಿದರು. ಹೆಸರು 'ಹಳಸಿದ ಹಪ್ಪಳ'. ರುಕ್ಮಾನಾನ ಗಿಟಾರು, ದಿದಿನ್‌ನ ಹಾಡು. ಡ್ರಮ್ ಬಡಿಯುವವರು ತಿಂಗಳಿಗೊಬ್ಬರಂತೆ ಬದಲಾಗುತ್ತಿದ್ದರು.

ದಿದಿನ್‌ನ ದನಿ ಕೆಳಗಿನದು, ಒರಟು. ಇಪ್ಪತ್ತೊಂದರ ಹುಡುಗನ ಎದೆಯಲ್ಲಿ ಐವತ್ತರ ಲಾರಿ ಚಾಲಕ ಕೂತಂತೆ. ಅವನು ಅವಸರ ಮಾಡುತ್ತಿರಲಿಲ್ಲ. ಬೈಗುಳವನ್ನೂ ಒಂದೊಂದೇ ಅಕ್ಷರ ಬಿಡಿಸಿ, ಎದುರಿಗಿದ್ದವನಿಗೆ ಚೆನ್ನಾಗಿ ತಲುಪಲಿ ಎಂಬಂತೆ ಹಾಡುತ್ತಿದ್ದ. ಅಬಾನಿಗೆ ಆ ಹಾಡು ಸೇರುತ್ತಿರಲಿಲ್ಲ, ಆದರೆ "ಶ್ರುತಿ ಬಿಡಲ್ಲ ಕಳ್ಳ" ಎನ್ನುತ್ತಿದ್ದರು.

1995ರಲ್ಲಿ ಅಭ್ಯಾಸದ ಕೋಣೆಯೊಂದನ್ನು ಅರ್ಧ ದಿನಕ್ಕೆ ಹಿಡಿದು, ಒಂದೇ ಮೈಕು ಇಟ್ಟು, ಹತ್ತು ಹಾಡು ರೆಕಾರ್ಡ್ ಮಾಡಿದರು. ಗಿಟಾರಿನ ಶ್ರುತಿ ಕೂಡಿಸಲು ಬೇರೆ ಸಾಧನ ಇರಲಿಲ್ಲ. ದಿದಿನ್ ಮನೆಯಿಂದ ಹದಿನೈದನೇ ನಂಬರಿನ ಅಂಕ್ಲುಂಗ್ ಒಯ್ದಿದ್ದ. ಅದನ್ನು ಅಲ್ಲಾಡಿಸುವ ಸದ್ದು, ರುಕ್ಮಾನಾ ತಂತಿ ಬಿಗಿಸುವ ಸದ್ದು, ಆಮೇಲೆ ದಿದಿನ್ "ಹೂಂ, ಶುರು" ಎನ್ನುವುದು, ಎಲ್ಲ ಟೇಪಿನಲ್ಲಿ ಉಳಿಯಿತು. ಚೆನ್ನಾಗಿದೆ, ಇರಲಿ ಅಂದುಕೊಂಡರು.

ಇರೋಹ್ ಮುನ್ನೂರು ಪ್ರತಿ ಮಾಡಿದಳು. ಪ್ರತಿಗೆ ಮೂವತ್ತೆರಡು ನಿಮಿಷದಂತೆ ನೂರ ಅರವತ್ತು ಗಂಟೆ. ಪ್ರತಿಯೊಂದರ ಮೊದಲ ನಿಮಿಷ ಕೇಳಿದಳು. ಹಳದಿ ಕಾಗದದ ಹೊದಿಕೆ ಮಡಚಿ, ತನ್ನ ದುಂಡು ಅಕ್ಷರದಲ್ಲಿ ಬ್ಯಾಂಡಿನ ಹೆಸರೂ ಪ್ರತಿಯ ನಂಬರೂ ಬರೆದಳು. ಒಂದನೇ ನಂಬರನ್ನು ತನಗೆ ಇಟ್ಟುಕೊಂಡಳು. ಉಳಿದವು ಮೂರು ವಾರದಲ್ಲಿ ಊರೆಲ್ಲ ಹರಡಿ, ಹಳದಿ ಟೇಪು ಎಂದೇ ಹೆಸರಾದವು.

ನಾಲ್ಕನೇ ವಾರ ಅವಳು ಅಂಗಡಿಗೆ ಹೋಗಲು ಅಂಕೋಟ್ ಎಂಬ ಬಾಡಿಗೆ ವ್ಯಾನಿನಲ್ಲಿ ಕೂತಿದ್ದಳು. ಚಾಲಕ ಟೇಪು ಹಾಕಿದ. ಟೇಪು ಇವಳೇ ಮಾಡಿದ್ದು, ಹಾಡು ತಮ್ಮನದೇ, ಆದರೆ ಹಾಡುತ್ತಿದ್ದವನು ಯಾರೋ ಮೀಸೆ ಮೂಡದ ಹುಡುಗ. ಹಿಂದೆ ನಾಯಿ ಅಟ್ಟಿಸಿಕೊಂಡು ಬಂದಂತೆ ಓಡುತ್ತಿದ್ದ. ಕಿವಿಯನ್ನು ನಂಬದವಳಾದ್ದರಿಂದ ಮೊದಲು ವ್ಯಾನಿನ ಮೆಷಿನ್ ಮೇಲೆ ಅನುಮಾನಪಟ್ಟಳು. ಇಳಿದು ಸಂತೆಯ ಮೂರು ಅಂಗಡಿಗಳ ಮೂರು ಮೆಷಿನ್‌ಗಳಲ್ಲಿ ಹಾಕಿಸಿ ಕೇಳಿದಳು. ಮೂರರಲ್ಲೂ ಅದೇ ಹುಡುಗ. ಆಮೇಲೆ ತನ್ನ ಬಲಗಡೆಯ ಡೆಕ್ಕಿನ ಮುಚ್ಚಳ ಬಿಚ್ಚಿದಳು.

ಒಳಗಿನ ರಬ್ಬರ್ ಬೆಲ್ಟು ಸಡಿಲವಾಗಿ ಗಾಲಿಯ ಮೇಲೆ ಜಾರುತ್ತಿತ್ತು. ತುಂಬುವಾಗ ಟೇಪು ನೂರಕ್ಕೆ ಆರರಷ್ಟು ನಿಧಾನವಾಗಿ ಓಡಿತ್ತು. ನಿಧಾನವಾಗಿ ತುಂಬಿದ್ದನ್ನು ಸರಿಯಾದ ಮೆಷಿನ್ ನುಡಿಸಿದಾಗ ಅದು ವೇಗವಾಗುತ್ತದೆ, ಸ್ವರವೂ ಅರ್ಧ ಮೆಟ್ಟಿಲು ಏರುತ್ತದೆ. ಎರಡು ನಿಮಿಷ ನಲವತ್ತು ಸೆಕೆಂಡಿನ ಹಾಡು ಎರಡು ನಿಮಿಷ ಮೂವತ್ತೊಂದಕ್ಕೆ ಮುಗಿಯುತ್ತದೆ. ಅವಳಿಗೆ ಮೊದಲೇ ಯಾಕೆ ತಿಳಿಯಲಿಲ್ಲ ಎಂಬುದೂ ಆಗ ತಿಳಿಯಿತು. ಪ್ರತಿಯೊಂದನ್ನೂ ಅವಳು ಪರೀಕ್ಷಿಸಿದ್ದು ಅದೇ ಡೆಕ್ಕಿನಲ್ಲಿ. ನಿಧಾನದ ಮೆಷಿನ್ ತಾನೇ ತುಂಬಿದ್ದನ್ನು ತಾನೇ ನುಡಿಸಿ, ಎಲ್ಲ ಸರಿಯಾಗಿದೆ ಎಂದು ಮುನ್ನೂರು ಸಲ ಹೇಳಿತ್ತು. ಗಿಡ್ಡ ಸೇರಿನಲ್ಲಿ ಅಳೆದು ಅದೇ ಗಿಡ್ಡ ಸೇರಿನಲ್ಲಿ ತಾಳೆ ನೋಡಿದ ಹಾಗೆ.

ಅವತ್ತು ಸಂಜೆ ಮನೆಗೆ ಬಂದರೆ ದಿದಿನ್, ರುಕ್ಮಾನಾ ಇಬ್ಬರೂ ಜಗುಲಿಯಲ್ಲಿ ಕೂತು ಹಳದಿ ಟೇಪು ಹಾಕಿದ್ದರು. ಅಬಾ ಬಿದಿರು ಕೆತ್ತುತ್ತಿದ್ದರು. ಟೇಪಿನ ಅಂಕ್ಲುಂಗ್ ನುಡಿದದ್ದೇ ಕತ್ತಿ ನಿಂತಿತು.

"ದಿದಿನ್, ಗಿಟಾರಿಗೆ ಹದಿನಾರು ಯಾಕೋ ತಗೊಂಡು ಹೋಗಿದ್ದೆ?"

"ಹದಿನೈದೇ ಅಬಾ. ಅಲ್ಲೇ ತೂಗುಹಾಕಿದೆ ನೋಡಿ."

ಅಬಾ ಇನ್ನೊಂದು ಸಲ ಹಾಕಿಸಿ ಕೇಳಿದರು. "ಹಂಗಾದ್ರೆ ನಿಮ್ಮ ಟೇಪು ಸುಳ್ಳು ಹೇಳ್ತಿದೆ" ಎಂದು ಮತ್ತೆ ಕೆತ್ತತೊಡಗಿದರು. ಕೈ ನಂಬಿ ಬದುಕು ಎಂದಿದ್ದ ಮಗಳ ಕಡೆ ಅವರು ನೋಡಲೂ ಇಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

ಇರೋಹ್ ಬೆಲ್ಟಿನ ವಿಷಯ ಬಿಡಿಸಿ ಹೇಳಿದಳು. ಹುಡುಗರಿಬ್ಬರೂ ಅವಳನ್ನು ತೆಹ್, ಅಂದರೆ ಅಕ್ಕ, ಎನ್ನುತ್ತಿದ್ದರು. ದಿದಿನ್ ನಕ್ಕ. "ಅದಕ್ಕೇನಾ? ನಾನು ಮೊನ್ನೆಯಿಂದ ಯಾರಪ್ಪ ಈ ಹುಡ್ಗ, ನನ್ನ ಹಾಡು ಕದ್ದಿದಾನೆ ಅಂದ್ಕೊಂಡಿದ್ದೆ. ತೆಹ್, ನಂಗೆ ಸುನ್ನತಿ ಮಾಡ್ಸೋ ಮುಂಚಿನ ದನಿ ವಾಪಸ್ ತಂದ್ಕೊಟ್ಟಿದ್ದೀಯ."

"ಎಲ್ಲ ವಾಪಸ್ ತರಿಸು. ಇನ್ನೊಂದು ಸಲ ಮಾಡ್ಕೊಡ್ತೀನಿ. ನೂರ ಅರವತ್ತು ಗಂಟೆ ತಾನೇ."

ತಮ್ಮ ಬಾಯಿ ತೆರೆಯುವ ಮೊದಲೇ ರುಕ್ಮಾನಾ ಹೇಳಿದ. "ಬೇಡ ತೆಹ್. ಊರೆಲ್ಲ ಇದನ್ನೇ ಹುಚ್ಚೆದ್ದು ಕೇಳ್ತಿದೆ. ನಮ್ಮಷ್ಟು ವೇಗ ಜಕಾರ್ತಾದಲ್ಲೂ ಯಾರೂ ಇಲ್ಲ ಅಂತಿದಾರೆ. ಸುಳ್ಳಾದ್ರೇನು, ಚೆನ್ನಾಗಿದೆಯಲ್ಲ."

ದಿದಿನ್ ಅಕ್ಕನ ಮುಖ ನೋಡಿದ. ಅವಳಿಗೆ ಹಗುರಾಗಲಿ ಎಂದೋ ಏನೋ, "ಇರ್ಲಿ ಬಿಡು ತೆಹ್. ಟೇಪಿನ ಹಾಗೆ ನಾನೇ ಹಾಡ್ತೀನಿ, ಅಷ್ಟೇ ತಾನೇ" ಅಂದ.

ಮೂಲ ಟೇಪನ್ನು ರುಕ್ಮಾನಾ ಒಯ್ದ. ಯಾರಿಗೋ ಕೊಟ್ಟ, ಅವರು ಇನ್ಯಾರಿಗೋ ಕೊಟ್ಟರು, ಅದು ತಿರುಗಿ ಬರಲಿಲ್ಲ. ಇರೋಹ್ ಬಲಗಡೆಯ ಡೆಕ್ಕಿಗೆ ಹೊಸ ಬೆಲ್ಟು ಹಾಕಿದಳು. ಹಳದಿ ಟೇಪನ್ನು ಸರಿಯಾದ ವೇಗದಲ್ಲಿ ನುಡಿಸಬಲ್ಲ ಒಂದೇ ಒಂದು ಮೆಷಿನ್ ಲೋಕದಲ್ಲಿತ್ತು. ಅದನ್ನೂ ಅವಳೇ ಕೈಯಾರೆ ಸರಿ ಮಾಡಿ ಇಲ್ಲವಾಗಿಸಿದಳು.

ಮುಂದಿನ ತಿಂಗಳು ಸಪಾರುವಾ ಕ್ರೀಡಾಂಗಣದಲ್ಲಿ ಹಳಸಿದ ಹಪ್ಪಳ ಹಾಡಲು ನಿಂತಿತು. ದಿದಿನ್ ಅಭ್ಯಾಸಬಲದಿಂದ ತನ್ನ ಎಂದಿನ ದನಿಯಲ್ಲೇ ಎತ್ತಿಕೊಂಡ. ಅರ್ಧ ಹಾಡಾಗುವಷ್ಟರಲ್ಲಿ ಕೆಳಗಿನಿಂದ ಕೂಗು ಬಂತು. "ಏ, ಅಜ್ಜನ್ನ ಇಳ್ಸಿ. ಟೇಪಿನ ಹಾಗೆ ಹಾಡೋ." ಚಪ್ಪಲಿ ಒಂದು ಬಂದು ಡ್ರಮ್ಮಿಗೆ ತಾಗಿತು. ನೂರಾರು ಗಂಟಲು "ಟೇಪಿನ ಹಾಗೆ, ಟೇಪಿನ ಹಾಗೆ" ಎಂದು ತಾಳ ಹಾಕಿದವು. ಇರೋಹ್ ಗೋಡೆಯ ಪಕ್ಕ ನಿಂತಿದ್ದಳು. ಎರಡನೇ ಹಾಡಿಗೆ ರುಕ್ಮಾನಾ ತಂತಿಗಳನ್ನು ಅರ್ಧ ಮೆಟ್ಟಿಲು ಏರಿಸಿಕೊಂಡ. ದಿದಿನ್ ಕುತ್ತಿಗೆಯ ನರ ಉಬ್ಬಿಸಿ ಮೇಲಕ್ಕೆ ಹೋದ. ಜನ ಕುಣಿದರು.

ಹಾಗೆ ಶುರುವಾದದ್ದು ಊರಿನ ಪದ್ಧತಿಯಾಯಿತು. ಹೊಸ ಬ್ಯಾಂಡುಗಳೆಲ್ಲ ಹಳದಿ ಟೇಪು ಹಾಕಿಕೊಂಡೇ ನುಡಿಸಲು ಕಲಿತವು. ಟೇಪಿಗೆ ಗಿಟಾರು ಕೂಡಬೇಕಾದರೆ ತಂತಿ ಅರ್ಧ ಮೆಟ್ಟಿಲು ಬಿಗಿಯಾಗಿರಬೇಕು. ಯಾಕೆ ಎಂದು ಯಾರೂ ಕೇಳಲಿಲ್ಲ. ಬಂಡುಂಗಿನ ಹುಡುಗರು ಬೇರೆ ಊರಿಗೆ ಹೋದರೆ ಅಲ್ಲಿಯವರು, "ನಿಮ್ಮ ತಂತಿ ಯಾಕ್ರೋ ಇಷ್ಟು ಕಿತ್ತು ಹೋಗತ್ತೆ" ಎಂದು ನಗುತ್ತಿದ್ದರು. ಇವರು ಅದನ್ನೇ ಹೆಮ್ಮೆಯಿಂದ ಬಂಡುಂಗ್ ಶ್ರುತಿ, ಬಂಡುಂಗ್ ವೇಗ ಎಂದು ಕರೆದುಕೊಂಡರು. ಮುಂದೆ ಜಪಾನಿನಿಂದ, ಮಲೇಶಿಯಾದಿಂದ ಜನ ಬಂದು ಆ ವೇಗದ ಗುಟ್ಟೇನು ಎಂದು ಕೇಳಿದಾಗ, ಬೆಟ್ಟದ ತಂಪು ಗಾಳಿ ಎಂದ ಒಬ್ಬ. ಸರ್ಕಾರದ ಮೇಲಿನ ಸಿಟ್ಟು ಎಂದ ಇನ್ನೊಬ್ಬ. ಎರಡೂ ಅಚ್ಚಾದವು.

ದಿದಿನ್ ಮೂರು ವರ್ಷ ಟೇಪಿನ ಹಾಗೆ ಹಾಡಿದ. ಕೆಳಗೆ ಹರಿಯಬೇಕಾದ ದನಿಯನ್ನು ಪ್ರತಿ ಕಚೇರಿಯಲ್ಲೂ ಮೇಲೆ ಅಟ್ಟಿದ. ಗಂಟಲಲ್ಲಿ ಗಂಟು ಕಟ್ಟಿತು. ಆರು ತಿಂಗಳು ಮೌನವಾಗಿರಬೇಕು ಎಂದರು ವೈದ್ಯರು. ಅದು 1998, ಸರ್ಕಾರ ಇಳಿಯಲಿ ಎಂದು ಊರಿಗೆ ಊರೇ ಬೀದಿಗಿಳಿದು ಕೂಗುತ್ತಿದ್ದ ವರ್ಷ. ಅವನು ಎಂಟು ದಿನ ಸುಮ್ಮನಿದ್ದ, ಒಂಬತ್ತನೇ ದಿನ ಹಾಡಿದ. ಆಮೇಲೆ ಅವನಿಗೆ ಉಳಿದದ್ದು ಪಿಸುಮಾತು. ರುಕ್ಮಾನಾ ಒಂದು ವಾರ ದಿನಾ ಬಂದು ಮಂಚದ ಪಕ್ಕ ಕೂತ. ಎರಡನೇ ವಾರ ಬರಲಿಲ್ಲ. ಮೂರನೇ ವಾರ ತಾನೇ ಹಾಡಲು ನಿಂತ. ಅವನ ದನಿ ಮೊದಲೇ ತೆಳ್ಳಗಿನದು, ಟೇಪಿಗೆ ಸರಿಹೊಂದಿತು.

ದಿದಿನ್ ಅಂಕೋಟ್ ಓಡಿಸಿದ. ಚಾಲಕ ಕಿಟಕಿಯಿಂದ ತಲೆ ಹೊರಹಾಕಿ ಊರ ಹೆಸರು ಕೂಗದಿದ್ದರೆ ಜನ ಹತ್ತುವುದಿಲ್ಲ. ಅವನಿಗೆ ಕೂಗು ಇರಲಿಲ್ಲ. ಹದಿನೈದನೇ ನಂಬರಿನ ಅಂಕ್ಲುಂಗನ್ನು ಕನ್ನಡಿಯ ಪಕ್ಕ ಕಟ್ಟಿಕೊಂಡು, ನಿಲ್ದಾಣ ಬಂದಾಗ ಅಲ್ಲಾಡಿಸುತ್ತಿದ್ದ. ಆ ದಾರಿಯವರು ಅದನ್ನು ಕ್ಲುಂಗ್ ಗಾಡಿ ಎನ್ನುತ್ತಿದ್ದರು. ಮದುವೆಯಾಯಿತು, ಮಗಳು ಹುಟ್ಟಿದಳು, ವೆನಿಂಗ್ ಎಂದು ಹೆಸರಿಟ್ಟ. ತಿಳಿ ಎಂದು ಅದರ ಅರ್ಥ. ಬೆಲ್ಟಿನ ಮಾತನ್ನು ಅವನು ಅಕ್ಕನ ಮುಂದೆ ಸಾಯುವವರೆಗೂ ಎತ್ತಲಿಲ್ಲ. ಒಂದು ಸಲ ಎತ್ತಿ ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿದೆ. 2011ರಲ್ಲಿ ಡೆಂಗಿ ಜ್ವರ ಬಂದು ಐದೇ ದಿನದಲ್ಲಿ ಹೋದ. ಅಬಾ ಅದಕ್ಕೂ ಮೊದಲೇ ಹೋಗಿದ್ದರು. ದಿದಿನ್‌ನ ಹೆಂಡತಿ ಚಿರೆಬೋನ್‌ನಲ್ಲಿ ಇನ್ನೊಂದು ಮದುವೆಯಾದಳು. ಹತ್ತು ವರ್ಷದ ವೆನಿಂಗ್ ದೊಡ್ಡತ್ತೆಯ ಹತ್ತಿರ ಉಳಿದಳು. ಅತ್ತೆಯನ್ನು ಅವಳು ಉವಾ ಎಂದು ಕರೆಯುತ್ತಿದ್ದಳು, ಅತ್ತೆ ಅವಳನ್ನು ಮುದ್ದಿನಿಂದ ನೆಂಗ್ ಎನ್ನುತ್ತಿದ್ದಳು.

ಮಗು ಅಪ್ಪನ ಪಿಸುಮಾತನ್ನಷ್ಟೇ ಕೇಳಿ ಬೆಳೆದದ್ದು. ಅಪ್ಪ ಹೋದ ಮೇಲೆ ಟ್ರಂಕಿನಲ್ಲಿ ಹಳದಿ ಟೇಪಿನ ಇನ್ನೂರ ಹನ್ನೆರಡನೇ ಪ್ರತಿ ಅವಳ ಕೈಗೆ ಸಿಕ್ಕಿತು. ಅದನ್ನು ಹಾಕಿಕೊಂಡೇ ಮಲಗುತ್ತಿದ್ದಳು. "ಬಾಪಾಗೆ ಇಷ್ಟು ಜೋರಾಗಿ ಮಾತಾಡಕ್ಕೆ ಬರ್ತಿತ್ತಾ ಉವಾ?" ಎಂದು ಮೊದಲ ದಿನ ಕೇಳಿದಾಗ ಇರೋಹ್ ಹೂಂ ಅಂದಳು. ಇದು ಬಾಪಾನ ದನಿ ಅಲ್ಲ, ನಾನು ಕೆಡಿಸಿದ ದನಿ ಎಂದು ಹೇಳಬೇಕಿತ್ತು. ಇವತ್ತು ಬೇಡ, ಅಳುತ್ತಿದೆ ಮಗು, ನಾಳೆ ಎಂದುಕೊಂಡಳು. ಆ ನಾಳೆ ಬರದೆ ಹದಿನಾಲ್ಕು ವರ್ಷವಾಯಿತು.

ಹೋದ ವರ್ಷ ರುಕ್ಮಾನಾ ಮನೆಗೆ ಬಂದ. ಅವನೀಗ ಪಂಕ್ ಬಟ್ಟೆಯ ಮೂರು ಅಂಗಡಿಗಳ ಒಡೆಯ. ಬೋಳುತಲೆ, ಕಿವಿಯಲ್ಲಿ ಮಾತ್ರ ಹಳೇ ಪಿನ್ನು. ಎಳೆಯರು ಅವನ ಕೈ ಹಿಡಿದು ಹಣೆಗೆ ಒತ್ತಿಕೊಳ್ಳುತ್ತಾರೆ. ಹುದುಗಿಸಿದ ಮರಗೆಣಸಿನ ಸಿಹಿ ಕಟ್ಟಿಸಿಕೊಂಡು ಬಂದವನು ಬಾಗಿಲಲ್ಲಿ ಬಗ್ಗಿ ಬೂಟು ಬಿಚ್ಚಲು ತಿಣುಕಾಡಿದ.

"ಇಷ್ಟು ವಯಸ್ಸಾದ್ಮೇಲೂ ಅದನ್ನ ಹಾಕ್ಕೋಬೇಕಾ? ಚಪ್ಪಲಿ ಸಿಗಲ್ವಾ ಊರಲ್ಲಿ?" ಎಂದಳು ಇರೋಹ್.

"ಇದೇ ನನ್ನ ಅನ್ನ ತೆಹ್. ಚಪ್ಪಲಿ ಹಾಕಿದ್ರೆ ಅಂಗಡಿ ಮುಚ್ಚತ್ತೆ."

ಕೂತು ಬಂದ ಕೆಲಸ ಹೇಳಿದ. ಹಳದಿ ಟೇಪಿಗೆ ಮೂವತ್ತು ವರ್ಷ. ಅದನ್ನು ಮತ್ತೆ ಹೊರತರುತ್ತಾರೆ, ಸಪಾರುವಾದಲ್ಲಿ ಸಮಾರಂಭ. ಎಲ್ಲರ ಪ್ರತಿಗಳೂ ಬೂಷ್ಟು ಹಿಡಿದಿವೆ. ನುಡಿಸದೆ ಉಳಿದದ್ದು ಇರೋಹ್‌ಳ ಒಂದನೇ ನಂಬರು ಮಾತ್ರ. ಅದು ಬೇಕು. ಹೊದಿಕೆಗೆ ಅವಳ ಅಕ್ಷರವೇ.

ಇರೋಹ್ ಟೇಪನ್ನು ತಂದು ಮೇಜಿನ ಮೇಲಿಟ್ಟಳು, ಮೇಲೆ ಕೈಯಿಟ್ಟುಕೊಂಡಳು. "ಕೊಡ್ತೀನಿ. ವೇಗ ಸರಿ ಮಾಡಿ ಹಾಕ್ಬೇಕು. ಈಗ ಕಂಪ್ಯೂಟರ್‌ನಲ್ಲಿ ಒಂದು ನಿಮಿಷದ ಕೆಲ್ಸ ಅಂತೆ."

ರುಕ್ಮಾನಾ ಸಿಹಿಯ ಪೊಟ್ಟಣದ ದಾರ ಬಿಚ್ಚಿದ. "ತೆಹ್, ಆ ಬೆಲ್ಟಿನ ಕತೆ ನಿಮಗೊಬ್ಬರಿಗೆ ಗೊತ್ತು, ನನಗೊಬ್ಬನಿಗೆ ಗೊತ್ತು. ಈ ಊರಿನ ಇನ್ನೂರು ಬ್ಯಾಂಡು ಆ ವೇಗದ ಮೇಲೆ ನಿಂತಿದೆ. ನಾಳೆ ಬೆಳಗ್ಗೆ, ಅದು ನಿಮ್ಮ ಸಿಟ್ಟಲ್ಲ ಕಣ್ರೋ, ಒಂದು ರಬ್ಬರು ಜಾರಿದ್ದು ಅಂತ ಹೇಳ್ಲಾ?"

"ಹೌದಲ್ಲ. ಅದೇ ತಾನೇ ನಡೆದದ್ದು."

"ಅಂಕ್ಲುಂಗ್ ಹಿಡ್ಕೊಂಡು ಸಾಕ್ಷಿ ಹೇಳಿಸ್ತೀರಾ? ಮೂವತ್ತು ವರ್ಷದ ಬಿದಿರು. ಒಣಗಿ ಸ್ವರ ಬದಲಾಗಿದೆ ಅಂತಾರೆ."

"ಅಬಾ ಮಾಡಿದ ಬಿದಿರು ಬದಲಾಗಲ್ಲ. ಬದಲಾಗಿದ್ದು ನೀನು. ರುಕ್, ಅದು ಅವನ ದನಿ. ಅವನಿಗೆ ಅಂತ ಉಳಿದಿರೋದು ಅಷ್ಟೇ. ಅವನ ಮಗಳು ಸಹ ಕೇಳಿಲ್ಲ."

"ದನಿ ಹೋಗಿದ್ದು ಹಾಡಿದ್ದಕ್ಕೆ ತೆಹ್. ನಾನು ಬಾಯಿಗೆ ಕೋಲು ಹಾಕಿ ಹಾಡಿಸ್ಲಿಲ್ಲ. ಬೆಲ್ಟೂ ನಂದಲ್ಲ" ಎಂದ ರುಕ್ಮಾನಾ. ಅಂದ ಮೇಲೆ ಅವನಿಗೇ ಮುಜುಗರವಾಗಿರಬೇಕು, ದನಿ ತಗ್ಗಿಸಿದ. "ಒಂದು ಕೆಲ್ಸ ಮಾಡೋಣ. ಹೊರಗೆ ಬರೋದು ಇದ್ದ ಹಾಗೇ ಬರ್ಲಿ. ಆದ್ರೆ ಅವತ್ತು ವೇದಿಕೆ ಮೇಲೆ ನೀವೇ ಬಂದು, ನಿಮ್ಮ ಹಳೇ ಡೆಕ್ಕಲ್ಲಿ, ಈ ಟೇಪು ಹಾಕಿ. ಎಲ್ಲರ ಮುಂದೆ ದಿದಿನ್ ಹೆಸರು ಹೇಳಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

ಗಾದೆಯನ್ನು ಅವನು ತನಗೆ ಬೇಕಾದಂತೆ ತಿರುಚಿದ್ದು ಇರೋಹ್‌ಗೆ ತಿಳಿಯಿತು. ಆದರೂ ಟೇಪಿನ ಮೇಲಿನ ಕೈ ತೆಗೆದಳು. ನಿಮ್ಮ ಹಳೇ ಡೆಕ್ಕಲ್ಲಿ ಎಂಬ ಮಾತು ಅವಳಿಗೆ ಬೇಕಾಗಿತ್ತು.

ಟೇಪು ಕಂಪ್ಯೂಟರಿಗೆ ತುಂಬಿ ವಾರದಲ್ಲಿ ಹಿಂದಕ್ಕೆ ಬಂತು. ವೆನಿಂಗ್ ಔಷಧದ ಅಂಗಡಿಯ ಕೆಲಸಕ್ಕೆ ಹೋದ ಒಂದು ಬೆಳಗ್ಗೆ ಇರೋಹ್ ಡೆಕ್ಕನ್ನು ಜಗುಲಿಗೆ ತಂದಳು. ಮೋಟಾರಿನ ಹಿಂಬದಿಯಲ್ಲಿ ಕಡಲೆ ಗಾತ್ರದ ಒಂದು ತೂತು ಇರುತ್ತದೆ. ಅದರೊಳಗಿನ ತಿರುಪನ್ನು ಸಣ್ಣ ಸ್ಕ್ರೂಡ್ರೈವರಿನಿಂದ ತಿರುಗಿಸಿದರೆ ವೇಗ ಹೆಚ್ಚುಕಡಿಮೆಯಾಗುತ್ತದೆ. ಕೂದಲೆಳೆಯಷ್ಟು ತಿರುಗಿಸುವುದು, ಟೇಪಿನ ಅಂಕ್ಲುಂಗ್ ಕೇಳುವುದು, ಕೈಯಲ್ಲಿದ್ದ ಹದಿನೈದನ್ನು ಅಲ್ಲಾಡಿಸುವುದು. ಎರಡು ಸ್ವರ ಹತ್ತಿರ ಬಂದು ಕೂಡದಿದ್ದಾಗ ನಡುವೆ ಒಂದು ನಡುಕ ಹುಟ್ಟುತ್ತದೆ, ಕೂಡಿದಾಗ ನಿಲ್ಲುತ್ತದೆ. ಅದನ್ನು ಹಿಡಿಯಲು ಅಬಾನ ಕಿವಿ ಬೇಡ. ಹನ್ನೊಂದು ಸಲ ತಿರುಗಿಸಿದ ಮೇಲೆ ನಡುಕ ನಿಂತಿತು. ಗಡಿಯಾರ ಹಿಡಿದು ನೋಡಿದಳು. ಎರಡು ನಿಮಿಷ ನಲವತ್ತು.

"ಹೂಂ, ಶುರು" ಎಂದ ದಿದಿನ್.

ಅಷ್ಟು ವರ್ಷ ಅವಳು ಇದನ್ನು ಮಾಡಿರಲಿಲ್ಲ. ತಿರುಪು ಅಲ್ಲೇ ಇತ್ತು, ಧೈರ್ಯ ಇರಲಿಲ್ಲ. ತಮ್ಮ ಪಕ್ಕದಲ್ಲಿ ಕೂತು ಅವಸರವಿಲ್ಲದೆ ಬೈದ. ಹತ್ತೂ ಹಾಡು ಮುಗಿಯುವವರೆಗೆ ಇರೋಹ್ ಎದ್ದೇಳಲಿಲ್ಲ. ಒಲೆಯ ಮೇಲಿನ ಅನ್ನ ಸೀದಿತು. ಆಮೇಲೆ ತಿರುಪಿನ ಮೇಲೆ ಒಂದು ಹನಿ ಉಗುರುಬಣ್ಣ ಬಿಟ್ಟು ಅಲುಗದಂತೆ ಮಾಡಿದಳು. ವೇದಿಕೆಯಲ್ಲಿ ಹೇಳಬೇಕಾದ ಮಾತನ್ನು ಒಂದು ಚೀಟಿಯಲ್ಲಿ ಬರೆದುಕೊಂಡಳು. ನಾಲ್ಕೇ ಸಾಲು. ತಪ್ಪು ನನ್ನದು ಎಂಬುದು ಮೊದಲ ಸಾಲು.

ಸಮಾರಂಭ ಮಧ್ಯಾಹ್ನದ ನಮಾಜು ಮುಗಿದ ಮೇಲೆ, ಬಿಸಿಲಿಳಿಯುವ ಹೊತ್ತಿಗೆ. ಎರಡು ಸಾವಿರ ಜನ. ಜುಟ್ಟಿನ ಮೊಮ್ಮಕ್ಕಳು, ಜುಟ್ಟು ಉದುರಿದ ಅಜ್ಜಂದಿರು. ಮುಂದಿನ ಸಾಲಿನಲ್ಲಿ ವೆನಿಂಗ್, ಹಳದಿ ಅಂಗಿ ಹಾಕಿ. ಅದರ ಎದೆಯ ಮೇಲೆ ಇರೋಹ್‌ಳ ದುಂಡು ಅಕ್ಷರ ಅಚ್ಚಾಗಿತ್ತು. ರುಕ್ಮಾನಾ ಮೈಕು ಹಿಡಿದು, "ನಮ್ಮೆಲ್ಲರ ತಾಯಿ" ಎಂದು ಅವಳನ್ನು ಕರೆದ. ಇವನಿಗೆ ನಾನು ಯಾವಾಗ ಹೆತ್ತೆ ಎಂದುಕೊಳ್ಳುತ್ತ ಇರೋಹ್ ಮೆಟ್ಟಿಲು ಹತ್ತಿದಳು. ಮೊದಲು ಹಾಡು, ಆಮೇಲೆ ಮಾತು ಎಂದು ಎಣಿಸಿಕೊಂಡಿದ್ದಳು. ಡೆಕ್ಕಿನ ಮುಂದೆ ಕೂತು ಗುಂಡಿ ಒತ್ತಿದಳು.

ಟೇಪಿನಲ್ಲಿ ಅಂಕ್ಲುಂಗ್ ನುಡಿಯಿತು. ಅವಳೂ ಮೈಕಿನ ಮುಂದೆ ಹದಿನೈದನ್ನು ಅಲ್ಲಾಡಿಸಿದಳು. ಎರಡೂ ಒಂದೇ, ನಡುವೆ ನಡುಕವಿಲ್ಲ. ಅದು ಯಾರಿಗೂ ಏನೂ ಹೇಳಲಿಲ್ಲ. ಮುದುಕಿಗೆ ಖುಷಿಯಾಗಿದೆ ಎಂದು ಚಪ್ಪಾಳೆ ತಟ್ಟಿದರು. ಆಮೇಲೆ ದಿದಿನ್ ಹಾಡಿದ. ಇಪ್ಪತ್ತು ಸೆಕೆಂಡು ಎಲ್ಲರೂ ಕಾದರು, ಹಾಡು ಈಗ ಓಡಬಹುದು ಎಂಬಂತೆ. ಅದು ಓಡಲಿಲ್ಲ. ಅಲ್ಲೊಬ್ಬ ಇಲ್ಲೊಬ್ಬ ನಕ್ಕರು. ಯಾರೋ ಆಕಳಿಕೆಯ ಸದ್ದು ಮಾಡಿದರು. ಹಿಂದಿನಿಂದ ಎಳೆಯ ದನಿಯೊಂದು, "ನಿದ್ದೆ ಬರ್ತಿದೆ, ಟೇಪಿನ ಹಾಗೆ ಹಾಕಿ" ಎಂದಿತು. ಟೇಪೇ ಹಾಡುತ್ತಿದೆ ಎಂಬುದು ಅವನಿಗೆ ತೋಚಲಿಲ್ಲ. ಸುತ್ತಲಿನವರು ಅದನ್ನೇ ಹಿಡಿದುಕೊಂಡರು, ಕೈತಾಳ ಎದ್ದಿತು. ಟೇಪಿನ ಹಾಗೆ, ಟೇಪಿನ ಹಾಗೆ.

ಇರೋಹ್ ರುಕ್ಮಾನಾನ ಕಡೆ ನೋಡಿದಳು. ಅವನಿಗೆ ಗೊತ್ತಾಗಿತ್ತು. ತನ್ನ ಇಪ್ಪತ್ತರ ಕೈ ನುಡಿಸುತ್ತಿದ್ದ ಗಿಟಾರನ್ನು ಅವನು ತಲೆ ವಾಲಿಸಿ ಕೇಳುತ್ತಿದ್ದ. ಎಡಗೈ ತೊಡೆಯ ಮೇಲೆ, ಬ್ಯಾಂಡಿನ ಮೊದಲ ದಿನಗಳ ಹಾಗೆ, ತಂತಿ ಒತ್ತುವಂತೆ ಎರಡು ಸಲ ಆಡಿತು. ಆಮೇಲೆ ಮೈಕು ಎತ್ತಿಕೊಂಡ.

"ಕ್ಷಮಿಸಿ ಮಕ್ಕಳೇ. ಮೆಷಿನ್ನಿಗೂ ನಮ್ಮ ಹಾಗೆ ಮಂಡಿನೋವು."

ಎರಡು ಸಾವಿರ ಜನ ನಕ್ಕರು. ಅವನು ಕೈ ಸನ್ನೆ ಮಾಡಿದ. ಕಂಪ್ಯೂಟರಿನಿಂದ ಹಾಡು ಹೊರಟಿತು, ಹದಿನಾರನೇ ಸ್ವರದಲ್ಲಿ, ಮೀಸೆ ಮೂಡದ ಹುಡುಗನ ದನಿಯಲ್ಲಿ. ನೆಲ ನಡುಗುವಂತೆ ಕುಣಿದರು. ಇರೋಹ್ ಚೀಟಿ ಬಿಡಿಸಿ ಮೈಕಿಗೆ ಬಾಯಿ ಹತ್ತಿರ ತಂದು ಮೊದಲ ಸಾಲು ಓದಿದಳು. ಅದು ಅವಳಿಗೇ ಕೇಳಿಸಲಿಲ್ಲ. ಅವಳ ಮೈಕನ್ನು ಆಗಲೇ ನಿಲ್ಲಿಸಿದ್ದರು. ಡೆಕ್ಕಿನ ಗಾಜಿನ ಹಿಂದೆ ಒಂದನೇ ನಂಬರು ಇನ್ನೂ ತಿರುಗುತ್ತಿತ್ತು. ಹಾಡು ಮುಗಿಯುವವರೆಗೂ ತಿರುಗಲಿ ಎಂದು ಬಿಟ್ಟಳು. ಕಂಪ್ಯೂಟರಿನ ಹಾಡು ತಡವಾಗಿ ಶುರುವಾದದ್ದು, ಟೇಪಿಗಿಂತ ಮೊದಲು ಮುಗಿಯಲಾರದು. ಆದರೂ ಟೇಪು ನಿಲ್ಲಿಸಿದಾಗ ಅವಳಿಗೆ ಆ ಮೀಸೆ ಮೂಡದ ಹುಡುಗ ತಮ್ಮನನ್ನು ಓಟದಲ್ಲಿ ಹಿಂದೆ ಹಾಕಿದಂತೆಯೇ ಅನ್ನಿಸಿತು.

ವಾಪಸ್ ಬರುವಾಗ ಅಂಕೋಟ್‌ನಲ್ಲಿ ಇಬ್ಬರಿಗೇ ಜಾಗ ಸಿಕ್ಕಿತು. ಡೆಕ್ಕು ವೆನಿಂಗ್‌ಳ ತೊಡೆಯ ಮೇಲೆ, ಅಂಕ್ಲುಂಗ್ ಇರೋಹ್‌ಳ ತೊಡೆಯ ಮೇಲೆ. ವೆನಿಂಗ್‌ಳ ಹಣೆ ಬೆವರಿತ್ತು, ಕಣ್ಣು ಹೊಳೆಯುತ್ತಿತ್ತು, ಅವಳೂ ಕುಣಿದಿದ್ದಳು.

"ಉವಾ, ಒಂದು ಕೇಳ್ಲಾ?"

"ಕೇಳು."

"ಮೊದ್ಲು ಹಾಡಿದ್ರಲ್ಲ, ಅವ್ರು ಯಾರು?"

ಇರೋಹ್ ತಿರುಗಿ ನೋಡಿದಳು. ವೆನಿಂಗ್ ತಮಾಷೆ ಮಾಡುತ್ತಿರಲಿಲ್ಲ.

"ಯಾಕೆ ನೆಂಗ್?"

"ಏನಿಲ್ಲ. ಯಾರೋ ವಯಸ್ಸಾದವ್ರು ಅನ್ನಿಸ್ತು. ಕೇಳಿದ್ರೆ ಯಾಕೋ ಎದೆ ಭಾರ ಆಯ್ತು. ಆಮೇಲೆ ಬಾಪಾನ ದನಿ ಬಂತಲ್ಲ, ಹೋದ ಜೀವ ವಾಪಸ್ ಬಂತು. ಅಷ್ಟು ಜನ ಬಾಪಾನ ದನಿಗೆ ಕುಣಿದ್ರು ಉವಾ. ನಾನು ಅದನ್ನ ಯಾವತ್ತೂ ಮರೆಯಲ್ಲ."

ಚೀಟಿ ಇರೋಹ್‌ಳ ಮುಷ್ಟಿಯಲ್ಲೇ ಇತ್ತು. ನಾಲ್ಕೇ ಸಾಲು. ವ್ಯಾನು ಗುಂಡಿಗಿಳಿಯಿತು. ಅಂಕ್ಲುಂಗ್ ನುಡಿಯದಂತೆ ಅವಳು ಕೊಳವೆಗಳನ್ನು ಕೈಯಿಂದ ಅದುಮಿ ಹಿಡಿದಳು.

"ಯಾರೂ ಅಲ್ಲ ನೆಂಗ್" ಎಂದಳು. "ಬೆಲ್ಟು ಸಡಿಲ ಆಗಿತ್ತು."